ಕಿವಿ ಕೇಳದ ನಟನ ಕಾಲಪ್ರಜ್ಞೆ

ಅರಸೀಕೆರೆಯಲ್ಲಿ 1911ರಲ್ಲಿ ಹುಟ್ಟಿದ ಟಿ. ಎನ್. ಬಾಲಕೃಷ್ಣ ಅವರಿಗೆ ಎಳವೆಯಿಂದಲೂ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ನಾಟಕ ಕಂಪನಿಗಳಲ್ಲಿ ಪಳಗಿ, 1943ರ ‘ರಾಧಾರಮಣ’ದ ಮೂಲಕ ಸಿನಿಮಾಕ್ಕೆ ಬಂದರು. ಮುಂದಿನ ಐದು ದಶಕಗಳಲ್ಲಿ ಅವರು ಕಾಣಿಸಿಕೊಂಡ ಚಿತ್ರಗಳು ನೂರಾರು.

ಹಾಸ್ಯಕ್ಕಾಗಲಿ ಕುತಂತ್ರಕ್ಕಾಗಲಿ ಮಾತಿನ ಲಯವೇ ಜೀವಾಳ. ಎದುರಿನವರ ಮಾತು ಮುಗಿದ ಕ್ಷಣಕ್ಕೇ ಉತ್ತರ ಬೀಳಬೇಕು. ಅರೆಗಳಿಗೆ ತಡವಾದರೂ ನಗೆ ಸತ್ತುಹೋಗುತ್ತದೆ. ಬಾಲಕೃಷ್ಣ ಆ ಕ್ಷಣವನ್ನು ಕಿವಿಯಿಂದಲ್ಲ, ಸಹನಟರ ತುಟಿಯ ಚಲನೆಯಿಂದ ಹಿಡಿಯುತ್ತಿದ್ದರು. ಎದುರಿನ ಮುಖದ ಮೇಲೆ ನೆಟ್ಟ ಆ ನೋಟವೇ ಅವರ ಅಭಿನಯಕ್ಕೆ ಬಿಗಿ ಕೊಟ್ಟಿತೆನ್ನಬೇಕು. ಕೊರತೆಯ ಸುಳಿವು ಪ್ರೇಕ್ಷಕರಿಗೆ ಸಿಕ್ಕುತ್ತಿರಲಿಲ್ಲ. ಊರು ಒಡೆಯುವ ಕುಹಕಿಯ ಪಾತ್ರದಲ್ಲಿ ಅವರನ್ನು ಬೈದುಕೊಂಡವರೇ ‘ಬಂಗಾರದ ಮನುಷ್ಯ’ದ (1972) ರಾಚೂಟಪ್ಪನನ್ನು ಮನೆಯ ಹಿರಿಯನೆಂಬಂತೆ ಒಪ್ಪಿಕೊಂಡರು. ಕಪಟ, ಕರುಣೆ ಎರಡಕ್ಕೂ ಒಂದೇ ಮುಖ ಒಗ್ಗುವುದು ಅಪರೂಪ.

ರಾಜ್‌ಕುಮಾರ್, ನರಸಿಂಹರಾಜು, ಜಿ. ವಿ. ಅಯ್ಯರ್ ಜೊತೆಗೂಡಿ ಕಲಾವಿದರ ಸಂಘ ಕಟ್ಟಿ, ‘ರಣಧೀರ ಕಂಠೀರವ’ (1960) ನಿರ್ಮಾಣಕ್ಕೂ ಹೆಗಲು ಕೊಟ್ಟರು. ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳನ್ನು ನೆಚ್ಚಿಕೊಂಡಿದ್ದ ಕಾಲದಲ್ಲಿ ಬೆಂಗಳೂರಿನ ನೈಋತ್ಯ ಅಂಚಿನಲ್ಲಿ, ಕೆಂಗೇರಿ–ಉತ್ತರಹಳ್ಳಿ ರಸ್ತೆಯಲ್ಲಿ ಅಭಿಮಾನ್ ಸ್ಟುಡಿಯೋ ಕಟ್ಟಲು ಹೊರಟರು. ಆ ಸಾಹಸ ಅವರಿಗೆ ಸಾಲವನ್ನೇ ಹೆಚ್ಚು ತಂದಿತು. ಆದರೂ ನಟನೆ ಬಿಡಲಿಲ್ಲ, 1995ರಲ್ಲಿ ತೀರಿಕೊಂಡರು. 2009ರ ಡಿಸೆಂಬರಿನಲ್ಲಿ ವಿಷ್ಣುವರ್ಧನ್ ಅವರ ಅಂತ್ಯಸಂಸ್ಕಾರ ನಡೆದದ್ದು ಅದೇ ಸ್ಟುಡಿಯೋದ ನೆಲದಲ್ಲಿ.