ಎಪ್ಪತ್ತು ವರ್ಷ ಬಿಟ್ಟು ಓದಿದ ವಾಗ್ದಾನ

ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಬರುವ ವರ್ಷಕ್ಕೊಂದು ವಾಗ್ದಾನ ವಚನ ಕೊಡುವುದು ನಮ್ಮ ಎಷ್ಟೋ ಸಭೆಗಳಲ್ಲಿ ನಡೆದುಬಂದ ಪದ್ಧತಿ. ಕಾರ್ಡು, ಕ್ಯಾಲೆಂಡರು, ಈಗೀಗ ವಾಟ್ಸಾಪಿನಲ್ಲೂ ಮತ್ತೆ ಮತ್ತೆ ಕಾಣುವುದು ಯೆರೆಮೀಯ 29:11. ದೇವರು ತನ್ನ ಜನರ ವಿಷಯದಲ್ಲಿ ಕೇಡನ್ನಲ್ಲ, ಹಿತವನ್ನೇ ಆಲೋಚಿಸಿದ್ದಾನೆ ಎಂಬುದು ಅದರ ತಾತ್ಪರ್ಯ. ದೇವರು ಸುಳ್ಳಾಡುವವನಲ್ಲ, ಆದ್ದರಿಂದ ವಚನವನ್ನು ನಮ್ಮದೆಂದು ಹಿಡಿದುಕೊಂಡು ಸಂಶಯಪಡದೆ ಕೇಳಿದರೆ ಅದು ಈ ವರ್ಷವೇ ನೆರವೇರಬೇಕು ಎನ್ನುತ್ತದೆ ಬೋಧನೆ. ಇದರ ಮೊದಲ ಮಾತನ್ನು ನಾನು ಪೂರ್ತಿಯಾಗಿ ನಂಬುತ್ತೇನೆ. ಎರಡನೆಯದಕ್ಕೆ ಬೈಬಲಿನಲ್ಲಿ ಆಧಾರವಿಲ್ಲ.

ಆ ವಚನ ಇರುವುದು ಒಂದು ಪತ್ರದಲ್ಲಿ. ಕ್ರಿ.ಪೂ. 597ರಲ್ಲಿ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಯೊಯ್ದ ಜನರಿಗೆ ಯೆರೆಮೀಯ ಬರೆದು ಕಳಿಸಿದ್ದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿಸಿ, ನಿಮ್ಮನ್ನು ಸೆರೆಯಿಟ್ಟ ಪಟ್ಟಣದ ಕ್ಷೇಮಕ್ಕೂ ಪ್ರಾರ್ಥಿಸಿ ಎನ್ನುತ್ತಾನೆ ಪ್ರವಾದಿ. ಹನ್ನೊಂದನೆಯ ವಚನಕ್ಕೆ ಮುಂಚೆ ಹತ್ತನೆಯದಿದೆ. ಅದರಲ್ಲಿ ಎಪ್ಪತ್ತು ವರ್ಷದ ಲೆಕ್ಕವಿದೆ. ಪತ್ರವನ್ನು ಕೇಳಿಸಿಕೊಂಡ ಹಿರಿಯರು ಮರಳಿ ಊರು ಕಾಣದೆ ಬಾಬೆಲಿನ ಮಣ್ಣು ಸೇರಬೇಕಾದವರು. ವಾಗ್ದಾನ ಬಂದದ್ದು ಅವರಿಗೇ, ಅದರ ಫಲ ಮಾತ್ರ ಮಕ್ಕಳು ಮೊಮ್ಮಕ್ಕಳ ಪಾಲಿಗೆ.

ಒಂದು ಅಧ್ಯಾಯ ಹಿಂದೆ ಹೋದರೆ ಇನ್ನೊಬ್ಬ ಪ್ರವಾದಿ ಸಿಗುತ್ತಾನೆ, ಹನನ್ಯ. ದೇವಾಲಯದಲ್ಲಿ, ಯಾಜಕರ ಎದುರಿನಲ್ಲಿ, ದೇವರ ಹೆಸರೆತ್ತಿಯೇ ಅವನು ಎರಡು ವರ್ಷದೊಳಗೆ ಸೆರೆಯವರೂ ದೇವಾಲಯದ ಪಾತ್ರೆಗಳೂ ವಾಪಸು ಬರುತ್ತವೆ ಎಂದು ಸಾರಿದ. ಯೆರೆಮೀಯನೂ ಅದಕ್ಕೆ ಆಮೆನ್ ಅಂದ. ಅವನ ಮನಸ್ಸೂ ಅದನ್ನೇ ಬಯಸಿರಬೇಕು. ಆದರೂ ಜನರನ್ನು ಸುಳ್ಳಿನಲ್ಲಿ ಭರವಸೆಯಿಡುವಂತೆ ಮಾಡಿದವನು ಹನನ್ಯ ಎಂಬುದೇ ಕೊನೆಗೆ ಬಂದ ತೀರ್ಪು. ಹೊಸ ವರ್ಷದ ಪ್ರಸಂಗಗಳಲ್ಲಿ ನಾವು ಯೆರೆಮೀಯನ ವಚನ ಓದಿ ಹನನ್ಯನ ಸಂದೇಶ ಸಾರುತ್ತಿದ್ದೇವೆ.

ಲಂಡನ್ನಿನ ಪ್ರಸಿದ್ಧ ಬೋಧಕ ಚಾರ್ಲ್ಸ್ ಸ್ಪರ್ಜನ್ 1888ರಲ್ಲಿ ದಿನಕ್ಕೊಂದು ವಾಗ್ದಾನದ ಪುಸ್ತಕ ಹೊರತಂದರು. ವಾಗ್ದಾನವನ್ನು ಅವರು ಚೆಕ್ಕಿಗೆ ಹೋಲಿಸಿದರು. ವಿಶ್ವಾಸಿ ಅದನ್ನು ದೇವರ ಮುಂದೆ ಹಿಡಿದು ನಗದು ಮಾಡಿಕೊಳ್ಳಬೇಕು. ಗೌಟ್ ಕಾಯಿಲೆಯಿಂದ, ಖಿನ್ನತೆಯಿಂದ ವರ್ಷಗಟ್ಟಲೆ ನರಳಿ 57ನೇ ವಯಸ್ಸಿಗೇ ತೀರಿಕೊಂಡವರು ಅವರು. ಅವರ ನಂಬಿಕೆ ಆ ಹೋಲಿಕೆಗಿಂತ ದೊಡ್ಡದು. ಆದರೆ ಉಳಿದುಕೊಂಡದ್ದು ಚೆಕ್ಕಿನ ಬಗೆಯ ಯೋಚನೆ. ಚೆಕ್ಕಿನ ಮೇಲೆ ಹೆಸರು, ಮೊತ್ತ, ತಾರೀಖು ಮೂರೂ ಇರುತ್ತವೆ; ನಮ್ಮ ಕಾರ್ಡಿನಲ್ಲಿ ಆ ಮೂರನ್ನೂ ತುಂಬಿಕೊಳ್ಳುವವರು ನಾವೇ. ದೇವರು ಬರೆಯದ ತಾರೀಖಿಗೆ ದೇವರ ಸತ್ಯವನ್ನು ಹೊಣೆ ಮಾಡುವುದು ನಂಬಿಕೆ ಹೇಗಾದೀತು?

ಮತ್ತಾಯನ ಸುವಾರ್ತೆಯಲ್ಲಿ ದೇವಾಲಯದ ಶಿಖರದ ಮೇಲೆ ನಿಂತು 91ನೇ ಕೀರ್ತನೆಯ ವಾಗ್ದಾನವನ್ನು ಎತ್ತಿ ತೋರಿಸುವವನು ಸೈತಾನ. ದೇವದೂತರು ಕಾಯುತ್ತಾರೆಂಬ ವಚನ ಸತ್ಯವೇ. ಅದನ್ನು ನೆಪಮಾಡಿ ಧುಮುಕಲು ಯೇಸು ಒಪ್ಪಲಿಲ್ಲ. ತಂದೆಯನ್ನು ನಂಬಿದವನಿಗೆ ತಂದೆಯನ್ನು ಪರೀಕ್ಷಿಸುವ ಅಗತ್ಯ ಬೀಳಲಿಲ್ಲ.

ದೇವರ ವಾಗ್ದಾನಗಳೆಲ್ಲ ಕ್ರಿಸ್ತನಲ್ಲಿ ಹೌದಾಗಿವೆಯೆಂದು ಪೌಲನು ಬರೆದಿಲ್ಲವೇ ಎಂದು ಕೇಳುವವರಿದ್ದಾರೆ. ಬರೆದಿದ್ದಾನೆ, ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ. ಶರೀರದಲ್ಲಿ ನಾಟಿದ್ದ ಶೂಲ ತೊಲಗಲೆಂದು ಮೂರು ಸಲ ಬೇಡಿದರೂ ಅದು ತೊಲಗಲಿಲ್ಲ ಎಂದು ಹೇಳಿಕೊಂಡಿರುವುದೂ ಅದೇ ಪತ್ರದಲ್ಲಿ. ಅಬ್ರಹಾಮನ ಕಥೆಯೂ ಹೀಗೆಯೇ. ಇಡೀ ಕಾನಾನ್ ನಾಡನ್ನೇ ಕೊಡುವುದಾಗಿ ಮಾತು ಪಡೆದವನು ಹೆಂಡತಿಯ ಹೆಣ ಹೂಳಲು ಎಫ್ರೋನನಿಗೆ 400 ಶೆಕೆಲ್ ಬೆಳ್ಳಿ ತೂಗಿ ಮಕ್ಪೇಲದ ಗವಿ ಕೊಂಡ. ವಾಗ್ದಾನದ ಫಲ ಕೈಸೇರದೆ ಸತ್ತ ಇಂಥವರನ್ನೇ ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯ ನಂಬಿಕೆಯ ಸಾಕ್ಷಿಗಳೆಂದು ಹೆಸರಿಸುತ್ತದೆ.

ವಾಗ್ದಾನ ಈ ವರ್ಷವೇ ನೆರವೇರಬೇಕೆಂಬ ಬೋಧನೆಯ ಪೆಟ್ಟು ಬೀಳುವುದು ನೊಂದವರ ಮೇಲೆ. ವರ್ಷ ಕಳೆದರೂ ಕಾಯಿಲೆ ವಾಸಿಯಾಗದಿದ್ದರೆ, ಮಡಿಲು ತುಂಬದಿದ್ದರೆ, ದೇವರು ಸುಳ್ಳಾಡುವುದಿಲ್ಲವಾದ್ದರಿಂದ ತಪ್ಪು ಕೇಳಿದವಳದ್ದೇ ಆಗಬೇಕು, ಅವಳ ನಂಬಿಕೆಯೇ ಸಾಲದು ಎಂದಾಗುತ್ತದೆ. ಮೊದಲೇ ನೋವು, ಅದರ ಮೇಲೆ ಅಪವಾದ. ಅವಳು ಅತ್ತರೆ ಅದೂ ಅವಿಶ್ವಾಸ. ಇದು ಕ್ರೂರ, ಮತ್ತು ಬೈಬಲಿನ ರೀತಿಯಲ್ಲ. 89ನೇ ಕೀರ್ತನೆ 37ನೇ ವಚನದವರೆಗೆ ದೇವರ ಸತ್ಯಸಂಧತೆಯನ್ನು, ದಾವೀದನಿಗೆ ಕೊಟ್ಟ ಮಾತನ್ನು ಹಾಡುತ್ತದೆ; 38ರಿಂದ ಆ ಒಡಂಬಡಿಕೆಯನ್ನು ನೀನೇ ತಳ್ಳಿಬಿಟ್ಟೆಯಲ್ಲ ಎಂದು ದೇವರ ಮುಖಕ್ಕೇ ದೂರುತ್ತದೆ. ಉತ್ತರ ಬರುವುದೇ ಇಲ್ಲ. ಕೀರ್ತನೆಕಾರನ ನಂಬಿಕೆ ಕಡಿಮೆಯದೆಂದು ಹೇಳುವ ಧೈರ್ಯ ಯಾರಿಗಿದೆ? ಮಾತು ತಪ್ಪದ ದೇವರೆಂದು ನಂಬಿದವನೇ ಅವನನ್ನು ಹೀಗೆ ಕೇಳಬಲ್ಲ.

ಸಭಾಪಾಲಕರಲ್ಲಿ ನನ್ನ ವಿನಂತಿ ಇಷ್ಟು: ಈ ಸಲದ ಡಿಸೆಂಬರ್ 31ಕ್ಕೆ ಹನ್ನೊಂದನೆಯ ವಚನವನ್ನು ಓದುವಾಗ ಹತ್ತನೆಯದನ್ನೂ ಓದಿ. ಆ ವರ್ಷ ಯಾರ ಮನೆಯಲ್ಲಿ ಸಾವಾಗಿದೆಯೋ ಅವರಿರುವ ಸಭೆಯಲ್ಲಿ 89ನೇ ಕೀರ್ತನೆಯನ್ನು ಮಧ್ಯೆ ನಿಲ್ಲಿಸದೆ ಕೊನೆಯವರೆಗೂ ಓದಿ.