ಎನ್‌ವಿಡಿಯಾ ಡ್ರೈವರಿನ ಮೂಲಪ್ರಕಟಣೆ: ಒಂದು ವಿಮರ್ಶೆ

ಗ್ರಾಫಿಕ್ಸ್ ಕಾರ್ಡಿಗೂ ಲಿನಕ್ಸ್ ವ್ಯವಸ್ಥೆಗೂ ನಡುವೆ ದುಭಾಷಿಯಾಗಿ ನಿಲ್ಲುವ ತಂತ್ರಾಂಶವೇ ಡ್ರೈವರು. ಲಿನಕ್ಸಿನ ಮೂಲಪಾಠವನ್ನು ಯಾರಾದರೂ ಓದಿ ತಿದ್ದಬಹುದು. ಎನ್‌ವಿಡಿಯಾ ಸಂಸ್ಥೆಯಾದರೋ ತನ್ನ ಡ್ರೈವರಿನ ಮೂಲವನ್ನು ಬಹುಕಾಲ ಮುಚ್ಚಿಟ್ಟಿತ್ತು. ಸವೆದ ಶಾಸನವನ್ನು ಊಹೆಯಿಂದ ಓದುವಂತೆ, ಸ್ವಯಂಸೇವಕರು ಕಾರ್ಡಿನ ವರ್ತನೆಯನ್ನೇ ಪರೀಕ್ಷಿಸಿ ರಚಿಸಿದ ‘ನೂವೋ’ ಡ್ರೈವರು 2010ರಲ್ಲಿ ಲಿನಕ್ಸಿನ ತಿರುಳಾದ ಕರ್ನೆಲ್ಲನ್ನು ಸೇರಿತು. 2022ರ ಮೇ ತಿಂಗಳಲ್ಲಿ ಸಂಸ್ಥೆಯೇ ತನ್ನ ಡ್ರೈವರಿನ ಕರ್ನೆಲ್ ಭಾಗದ ಮೂಲವನ್ನು ಪ್ರಕಟಿಸಿತು. ಇದನ್ನು ಪೂರ್ಣ ವಿಮೋಚನೆಯೆಂದು ಬಗೆಯುವುದು ಸಾಧುವಲ್ಲವೆಂಬುದು ನಮ್ಮ ಮತ. ಫರ್ಮ್‌ವೇರ್, ಓಪನ್‌ಜಿಎಲ್ ಭಾಗಗಳು ಮುಚ್ಚಿಯೇ ಉಳಿದವು. 2018ರ ಟ್ಯೂರಿಂಗ್ ಪೀಳಿಗೆಗೂ ಹಿಂದಿನ ಕಾರ್ಡುಗಳಿಗೆ ಅದು ಅನ್ವಯಿಸಲಿಲ್ಲ. ಅಂಥ ಕಾರ್ಡಿಗೆ ಬೆಂಬಲ ನಿಂತ ಮೇಲೆ, ಕರ್ನೆಲ್ ಹೊಸದಾದೊಡನೆ ಮುಚ್ಚಿದ ಡ್ರೈವರು ಸ್ಥಾಪನೆಗೊಳ್ಳದೆ ಹೋಗಬಹುದು. ಆಗ ಬಡ ವಿದ್ಯಾರ್ಥಿಗೆ ನೂವೋ ಒಂದೇ ಆಸರೆ. ಆಕರವು ಯಾರಿಗೆ, ಎಷ್ಟರ ಮಟ್ಟಿಗೆ ತೆರೆದಿದೆಯೆಂದು ವಿಚಾರಿಸದೆ ಪ್ರಶಂಸಿಸುವುದು ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ತಕ್ಕುದಲ್ಲ.