ಕೊಳವೆಯೊಳಗಿನ ಬೆಳಕು, ಪರದೆಯ ಮೇಲಿನ ಪಾಠ

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವರಿಗೆ ಚಿತ್ರ ಕಾಣುತ್ತದೆ. ಅದು ಹುಟ್ಟಿದ ಬಗೆ ಕಾಣುವುದಿಲ್ಲ. ದೀಪದಿಂದ ಹೊರಟ ಬೆಳಕು ಕಂಡೆನ್ಸರ್, ಸ್ಲೈಡು, ಆಬ್ಜೆಕ್ಟಿವ್ ದಾಟಿ ಐಪೀಸ್‌ವರೆಗೆ ಬರುವ ದಾರಿಯೆಲ್ಲ ಲೋಹದ ಮೈಯೊಳಗೆ ಮುಚ್ಚಿಹೋಗಿರುತ್ತದೆ. ಅಮೆರಿಕದ ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಮೈಕೆಲ್ ಡೇವಿಡ್‌ಸನ್ ಮತ್ತು ಅವರ ತಂಡ ಕಟ್ಟಿದ ‘ಮಾಲಿಕ್ಯುಲರ್ ಎಕ್ಸ್‌ಪ್ರೆಶನ್ಸ್’ ಅಂತರ್ಜಾಲ ಪಾಠಮಾಲೆಯ ದೊಡ್ಡ ಸಾಧನೆ ಎಂದರೆ ಈ ದಾರಿಯನ್ನು ಬಿಡಿಸಿ ಕಣ್ಣೆದುರಿಗಿಟ್ಟದ್ದು. ಪರದೆಯ ಮೇಲಿನ ಗುಂಡಿಯನ್ನು ಎಳೆದರೆ ಬೆಳಕಿನ ಹಾದಿಯನ್ನು ಹಿಗ್ಗಿಸಿ ಕುಗ್ಗಿಸುವ ಡಯಾಫ್ರಂ ಮುಚ್ಚಿಕೊಳ್ಳುತ್ತದೆ, ಕಿರಣಗಳ ಕೋನ ಕಿರಿದಾಗುತ್ತದೆ, ಪಕ್ಕದ ಚಿತ್ರ ಆ ಕ್ಷಣವೇ ಬದಲಾಗುತ್ತದೆ. ನಿಕಾನ್, ಒಲಿಂಪಸ್ ಕಂಪನಿಗಳ ಪಾಠಗಳಲ್ಲೂ ಇದೇ ತಂಡದ ಕೈಯಿದೆ. 2015ರಲ್ಲಿ ತೀರಿಕೊಂಡ ಡೇವಿಡ್‌ಸನ್ ಸ್ವತಃ ಸಂಶೋಧಕರು. ಒಂದೊಂದೇ ಅಣುವಿನ ನೆಲೆ ಗುರುತಿಸುವ ವಿಧಾನದ ಬಗ್ಗೆ ಎರಿಕ್ ಬೆಟ್‌ಸಿಗ್ 2006ರಲ್ಲಿ ಪ್ರಕಟಿಸಿದ ಪ್ರಬಂಧಕ್ಕೆ ಅವರೂ ಸಹಲೇಖಕರು. ಬೆಟ್‌ಸಿಗ್‌ಗೆ 2014ರಲ್ಲಿ ನೊಬೆಲ್ ಬಂದದ್ದು ಆ ಹಾದಿಯ ಕೆಲಸಕ್ಕೇ.

ಕಂಡೆನ್ಸರ್ ಡಯಾಫ್ರಂ ಕುರಿತ ಪಾಠವನ್ನು ನೋಡಿ. ಬೆಳಕು ಕಣ್ಣಿಗೆ ಚುಚ್ಚಿದಾಗ ನಮ್ಮ ಕಾಲೇಜು ಹುಡುಗರು ತಕ್ಷಣ ಇದನ್ನು ಮುಚ್ಚುತ್ತಾರೆ. ಅಂಚುಗಳು ಕಪ್ಪಾಗಿ ಎದ್ದು ಕಾಣುವುದರಿಂದ ಚಿತ್ರ ಸುಧಾರಿಸಿದಂತೆ ಅನಿಸುತ್ತದೆ. ಕಳೆದುಹೋದದ್ದೇನು ಎಂಬುದು ಗೊತ್ತಾಗುವುದೇ ಇಲ್ಲ. ಪಾಠದಲ್ಲಿ ಗುಂಡಿಯನ್ನು ಹಿಂದೆ ಮುಂದೆ ಎಳೆಯುತ್ತ ಹೋದರೆ, ಕಾಂಟ್ರಾಸ್ಟ್ ಏರಿದಂತೆಲ್ಲ ಸಣ್ಣ ವಿವರಗಳು ಒಂದರೊಳಗೊಂದು ಕರಗಿಹೋಗುವುದು ಕಣ್ಣಿಗೇ ಬೀಳುತ್ತದೆ. ಆಬ್ಜೆಕ್ಟಿವ್‌ನ ಬೆಳಕಿನ ವೃತ್ತದ ಸುಮಾರು ಮುಕ್ಕಾಲು ಭಾಗದಷ್ಟು ಡಯಾಫ್ರಂ ತೆರೆದಿಡಿ ಎಂಬ ಸಲಹೆ ಏಕೆ ಬಂತೆಂದು ಆಗ ಬಾಯಿಪಾಠವಿಲ್ಲದೆ ಅರ್ಥವಾಗುತ್ತದೆ. ಉಳಿದೆಲ್ಲವನ್ನೂ ಹಾಗೇ ಇಟ್ಟು ಒಂದನ್ನು ಮಾತ್ರ ಬದಲಿಸಿ ನೋಡುವ ಅವಕಾಶ ನಿಜವಾದ ಯಂತ್ರದಲ್ಲಿ ಇಷ್ಟು ಸಲೀಸಾಗಿ ಸಿಗದು.

ಆದರೂ ನನ್ನ ಮಟ್ಟಿಗೆ ಮಾಲೆಯ ಅತ್ಯುತ್ತಮ ಭಾಗ ಡಿಜಿಟಲ್ ಚಿತ್ರಗಳ ಪಾಠಗಳೇ. ಮಸೂರದ ಪಾಠದಲ್ಲಿ ಪರದೆ ತೋರಿಸುವುದು ಉಪಕರಣದ ನಕಲನ್ನು. ಪಿಕ್ಸೆಲ್, ಹಿಸ್ಟೊಗ್ರಾಮ್, ಬೂದು ಹಂತಗಳ ಪಾಠದಲ್ಲಿ ಪರದೆಯೇ ಉಪಕರಣ. 256 ಬೂದು ಹಂತಗಳನ್ನು ಎಂಟಕ್ಕೆ ಇಳಿಸಿದಾಗ ಚಿತ್ರ ಪಟ್ಟೆ ಪಟ್ಟೆಯಾಗುವುದು ನಮ್ಮ ಮುಂದೆ ನಿಜವಾಗಿಯೇ ನಡೆಯುತ್ತದೆ. ಕ್ಯಾಮೆರಾದೊಳಗಿನ ಸಿಸಿಡಿ ಸಂವೇದಕದ ಕೆಲಸವನ್ನು ಸಾಲುಸಾಲು ಬಕೆಟ್‌ಗಳಲ್ಲಿ ಮಳೆನೀರು ತುಂಬಿ, ಒಂದೊಂದಾಗಿ ಸಾಗಿಸಿ ಅಳೆಯುವ ಹಾಗೆ ತೋರಿಸಿದ್ದಂತೂ ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ.

ಪಿಕ್ಸೆಲ್ ಗಾತ್ರದ ಪಾಠ ಇನ್ನೂ ಆಳಕ್ಕೆ ಒಯ್ಯುತ್ತದೆ. 1873ರಲ್ಲಿ ಅರ್ನ್ಸ್ಟ್ ಆಬ್ಬೆ ಕಂಡುಕೊಂಡ ಮಿತಿಯ ಪ್ರಕಾರ, ಬಿಡಿಸಿ ಕಾಣುವ ಅತಿ ಸಣ್ಣ ಅಂತರವೆಂದರೆ ಬೆಳಕಿನ ತರಂಗಾಂತರದ ಅರ್ಧವನ್ನು ಆಬ್ಜೆಕ್ಟಿವ್‌ನ ನ್ಯೂಮರಿಕಲ್ ಅಪರ್ಚರ್‌ನಿಂದ (ಅದು ಎಷ್ಟು ಅಗಲದ ಕೋನದಿಂದ ಬೆಳಕು ಹಿಡಿಯುತ್ತದೆ ಎಂಬುದರ ಅಳತೆ) ಭಾಗಿಸಿದಷ್ಟು. 550 ನ್ಯಾನೊಮೀಟರಿನ ಹಸಿರು ಬೆಳಕು, 0.25 ಅಪರ್ಚರ್ ಇರುವ 10 ಪಟ್ಟಿನ ಆಬ್ಜೆಕ್ಟಿವ್ ತೆಗೆದುಕೊಂಡರೆ ಅದು 1,100 ನ್ಯಾನೊಮೀಟರ್. ಅಷ್ಟು ವಿವರ ದಾಖಲಾಗಬೇಕಾದರೆ ಆ ಅಂತರದಲ್ಲಿ ಎರಡು ಪಿಕ್ಸೆಲ್ ಆದರೂ ಕೂರಬೇಕು, ಅಂದರೆ ಸ್ಲೈಡಿನ ಮೇಲೆ ಒಂದು ಪಿಕ್ಸೆಲ್ 550 ನ್ಯಾನೊಮೀಟರ್ ಮೀರಬಾರದು. 6.45 ಮೈಕ್ರೊಮೀಟರ್ ಪಿಕ್ಸೆಲ್‌ನ ಕ್ಯಾಮೆರಾವನ್ನು ನೇರವಾಗಿ ಕೂರಿಸಿದರೆ ಸ್ಲೈಡಿನ ಮೇಲೆ ಪಿಕ್ಸೆಲ್ ಅದರ ಹತ್ತನೇ ಒಂದರಷ್ಟು, ಅಂದರೆ 645 ನ್ಯಾನೊಮೀಟರ್ ಆಗುತ್ತದೆ. ವಿವರ ಕಳೆದುಹೋಯಿತು! ಅದೇ ಕ್ಯಾಮೆರಾ, 0.65 ಅಪರ್ಚರ್‌ನ 40 ಪಟ್ಟಿನ ಆಬ್ಜೆಕ್ಟಿವ್‌ನಲ್ಲಿ ಸಾಕಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಕಡಿಮೆ ವರ್ಧನೆಯಲ್ಲಿ ಕ್ಯಾಮೆರಾ ಹೇಗಿದ್ದರೂ ನಡೆದೀತು ಎಂಬ ನಂಬಿಕೆಯನ್ನು ಈ ಲೆಕ್ಕ ಮುರಿಯುತ್ತದೆ. ಮೆಗಾಪಿಕ್ಸೆಲ್ ನೋಡಿ ಕ್ಯಾಮೆರಾ ಕೊಳ್ಳುವ ಪ್ರತಿಯೊಂದು ವಿಭಾಗವೂ ಮೊದಲು ಈ ಪಾಠ ಓದಬೇಕು.

ಕೊರತೆಗಳೂ ಸಣ್ಣವಲ್ಲ. ಇಲ್ಲಿನ ಮಾದರಿಗಳೆಲ್ಲ ಅಚ್ಚುಕಟ್ಟು. ಮಸೂರಕ್ಕೆ ಅಂಟಿದ ಎಣ್ಣೆಯಾಗಲಿ, ಕವರ್‌ಸ್ಲಿಪ್ ಕೆಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಯಾಗಲಿ, ದಪ್ಪವಾಗಿ ಕೊಯ್ದ ಕಾಂಡದ ಚೂರಾಗಲಿ ಕಾಣಸಿಗುವುದಿಲ್ಲ. ಕೆಟ್ಟ ಚಿತ್ರ ಬಂದಾಗ ತಪ್ಪು ಎಲ್ಲಿದೆ ಎಂದು ಹುಡುಕುವುದೇ ಸೂಕ್ಷ್ಮದರ್ಶನದ ಅರ್ಧ ವಿದ್ಯೆ. ಎಳೆಯಲು ಒಂದೇ ಗುಂಡಿ ಇದ್ದಲ್ಲಿ ಹುಡುಕುವುದಕ್ಕೇನೂ ಉಳಿಯುವುದಿಲ್ಲ. ಆಗಸ್ಟ್ ಕೋಲರ್ 1893ರಲ್ಲಿ ಪ್ರಕಟಿಸಿದ ಬೆಳಕು ಹೊಂದಿಸುವ ಕ್ರಮವನ್ನು ಪಾಠ ಸೊಗಸಾಗಿ ಕಲಿಸುತ್ತದೆ. ಆದರೆ ಕನ್ನಡಿಯಿಂದ ಬೆಳಕು ಹಿಡಿಯುವ, ಆ ಕ್ರಮಕ್ಕೆ ಬೇಕಾದ ಫೀಲ್ಡ್ ಡಯಾಫ್ರಂ ಇಲ್ಲದ ಯಂತ್ರದ ಮುಂದೆ ಕೂತ ವಿದ್ಯಾರ್ಥಿ ಅದನ್ನು ಮಾಡಿ ನೋಡಲಾರ. ಇರುವ ಯಂತ್ರದಲ್ಲಿ ಎಷ್ಟು ಸಾಧ್ಯ ಎಂದು ಹೇಳುವ ಪಾಠವೂ ಜೊತೆಗಿರಬೇಕಿತ್ತು. ಇಂಥ ಪಾಠಗಳ ಆಯುಸ್ಸು ಕೂಡ ಚಿಂತೆಯ ವಿಷಯ. ಮೂಲ ಪಾಠಗಳು ಜಾವಾ ಆಪ್ಲೆಟ್‌ಗಳಾಗಿದ್ದವು. 2015ರಿಂದಾಚೆಗೆ ಬ್ರೌಸರ್‌ಗಳು ಅವುಗಳಿಗೆ ಬಾಗಿಲು ಮುಚ್ಚಿದವು. ಹಲವನ್ನು ಹೊಸ ತಂತ್ರಕ್ಕೆ ತಂದಿದ್ದಾರೆ, ಅದು ನಿಜಕ್ಕೂ ದೊಡ್ಡ ಉಪಕಾರ.

ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ನಡೆಯುವ ಮೈಕ್ರೋಸ್ಕೋಪಿ ಕೋರ್ಸ್‌ನಂಥ ಕಡೆ ಉಪನ್ಯಾಸವೂ ಯಂತ್ರವೂ ಒಟ್ಟಿಗೆ ಸಿಗುತ್ತವೆ, ಆದರೆ ಅಲ್ಲಿಗೆ ತಲುಪುವವರು ಕೆಲವರೇ. ಮಿಕ್ಕ ಕಾಲೇಜುಗಳ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟು: ಈ ಪಾಠಗಳನ್ನು ಪ್ರಾಕ್ಟಿಕಲ್‌ಗೆ ಬದಲಿಯಾಗಿ ಕೊಡಬೇಡಿ. ಪ್ರಾಕ್ಟಿಕಲ್ ನಡೆಯುವ ದಿನವೇ, ಯಂತ್ರದ ಪಕ್ಕದಲ್ಲೇ ತೆರೆದಿಡಿ. ಈರುಳ್ಳಿ ಸಿಪ್ಪೆಯ ಕೋಶ ನೋಡುವ ಹುಡುಗಿ ಒಮ್ಮೆ ಡಯಾಫ್ರಂ ತಿರುಗಿಸಲಿ, ಒಮ್ಮೆ ಪರದೆಯ ಗುಂಡಿ ಎಳೆಯಲಿ. ಪಾಠಗಳು ಇಂಗ್ಲಿಷಿನಲ್ಲಿರುವುದರಿಂದ ವಿವರಣೆಯನ್ನು ಕನ್ನಡದಲ್ಲಿ ನೀವೇ ಹೇಳಿ.